ಹಲ್ಲಿನ ಕ್ಲಿಪ್ಪು: ಚಿನ್ನದಿಂದ ಉಕ್ಕಿಗೆ

ಮೂರು ವರ್ಷದ ಹಿಂದಿನ ಮಾತು. ಚನ್ನಪಟ್ಟಣದ ನಮ್ಮ ಮನೆಯಲ್ಲಿ ತಂಗಿಯ ಹಲ್ಲಿನ ವಿಚಾರಕ್ಕೆ ಸಣ್ಣದೊಂದು ಪಂಚಾಯಿತಿಯೇ ಸೇರಿತ್ತು. ಅವಳಾಗ ಒಂಬತ್ತನೇ ತರಗತಿ. ಮೇಲಿನ ಸಾಲಿನ ಮುಂಭಾಗದ ಹಲ್ಲುಗಳು ಮುಂದಕ್ಕೆ ಚಾಚಿಕೊಂಡಿದ್ದವು. ಎರಡೂ ಕಡೆಯ ಕೋರೆಹಲ್ಲುಗಳು ಜಾಗ ಸಿಗದೆ ಒಸಡಿನ ಮೇಲ್ಭಾಗದಲ್ಲೇ ಮೊಳೆತು ನಿಂತಿದ್ದವು. ನಗು ಬಂದಾಗಲೆಲ್ಲ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವುದು ಅವಳಿಗೆ ರೂಢಿ. ಅದನ್ನು ನಾವೆಲ್ಲ ನಾಚಿಕೆ ಸ್ವಭಾವ ಎಂದುಕೊಂಡಿದ್ದೆವು. ಶಾಲೆಯಲ್ಲಿ ಹುಡುಗರು ಇಟ್ಟಿದ್ದ ಅಡ್ಡಹೆಸರು ಏನೆಂದು ಅವಳು ಅಮ್ಮನಿಗೆ ಹೇಳಿದ್ದು ಬಹಳ ತಡವಾಗಿ.

ಅಮ್ಮನ ಹಟಕ್ಕೆ ಅಪ್ಪ, ನಾನು, ತಂಗಿ ಮೂವರೂ ಒಂದು ಖಾಸಗಿ ದಂತ ಚಿಕಿತ್ಸಾಲಯಕ್ಕೆ ಹೋದೆವು. ಡಾಕ್ಟರು ಸಮಾಧಾನದಿಂದ ಪರೀಕ್ಷಿಸಿದರು. ಕ್ಲಿಪ್ ಹಾಕಬೇಕು, ಎರಡು ವರ್ಷ ಹಿಡಿಯುತ್ತೆ, ನಲವತ್ತು ಸಾವಿರ ಆಗುತ್ತೆ ಎಂದರು. ಅಷ್ಟು ಹೊತ್ತು ಬಾಯಿ ತೆರೆದು ಕೂತಿದ್ದವಳು ತಂಗಿ. ಈಗ ಬಾಯಿ ತೆರೆದವರು ಅಪ್ಪ. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ತಂತಿ, ಕಡ್ಡಿ, ಸ್ಪ್ರಿಂಗುಗಳ ಬೆಲೆಯೆಲ್ಲ ಬಾಯಿಪಾಠ. ‘ಇಷ್ಟುದ್ದ ತಂತಿಗೆ ನಲವತ್ತು ಸಾವಿರವಾ ಸಾರ್? ಚಿನ್ನದ್ದಾ ಅದು?’ ಎಂದು ಕೇಳಿಯೇಬಿಟ್ಟರು.

ಡಾಕ್ಟರು ನಕ್ಕರು. ‘ಒಂದು ಕಾಲಕ್ಕೆ ಚಿನ್ನದ್ದೇ ಇತ್ತು ಯಜಮಾನ್ರೇ. ಈಗ ಸ್ಟೀಲು. ನೀವು ಕೊಡೋ ದುಡ್ಡು ತಂತಿಗಲ್ಲ.’

ತಂತಿಗಲ್ಲದಿದ್ದರೆ ಮತ್ತಾವುದಕ್ಕೆ? ಆ ಪ್ರಶ್ನೆಯನ್ನು ನಾನು ಕಚೇರಿಗೆ ಹೊತ್ತುಕೊಂಡು ಬಂದೆ. ಹುಡುಕುತ್ತ ಹೋದರೆ ಅದರ ಹಿಂದೆ ಮುನ್ನೂರು ವರ್ಷಗಳ ಕಥೆಯೇ ಇತ್ತು.

ಬೆರಳಿನಿಂದ ಚಿನ್ನದ ಪಟ್ಟಿಗೆ

ಸೊಟ್ಟ ಹಲ್ಲನ್ನು ನೆಟ್ಟಗೆ ಮಾಡುವ ಅತಿ ಅಗ್ಗದ ಉಪಾಯವನ್ನು ಹೇಳಿದವನು ಕ್ರಿ.ಶ. ಮೊದಲನೇ ಶತಮಾನದ ರೋಮನ್ ಲೇಖಕ ಸೆಲ್ಸಸ್. ಹಾಲುಹಲ್ಲು ಬೀಳುವ ಮೊದಲೇ ಹೊಸ ಹಲ್ಲು ಮೊಳೆತರೆ ಹಾಲುಹಲ್ಲನ್ನು ಕಿತ್ತುಬಿಡಬೇಕು, ಹೊಸದನ್ನು ದಿನವೂ ಬೆರಳಿನಿಂದ ಸರಿಯಾದ ಜಾಗದ ಕಡೆಗೆ ಒತ್ತುತ್ತಿರಬೇಕು ಎಂದು ಅವನು ತನ್ನ ವೈದ್ಯ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಖರ್ಚು ಸೊನ್ನೆ, ಬೇಕಾದ್ದು ತಾಳ್ಮೆ ಮಾತ್ರ. ನಮ್ಮಲ್ಲೂ ಅಜ್ಜಿಯರು ಮೊಮ್ಮಕ್ಕಳ ಹಲ್ಲನ್ನು ಹೀಗೆ ಒತ್ತುವುದನ್ನು ನೋಡಿದವರಿದ್ದಾರೆ. ಅವರಾರೂ ಸೆಲ್ಸಸ್‌ನನ್ನು ಓದಿರಲಿಕ್ಕಿಲ್ಲ.

ಹಲ್ಲಿಗೆ ಲೋಹ ಬಂದದ್ದು ಫ್ರಾನ್ಸಿನಲ್ಲಿ. ಪಿಯರ್ ಫೋಷಾರ್ ಎಂಬ ಪ್ಯಾರಿಸ್ಸಿನ ದಂತವೈದ್ಯ 1728ರಲ್ಲಿ ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದ. ಆಧುನಿಕ ದಂತವೈದ್ಯಕ್ಕೆ ಅದೇ ತಳಪಾಯ ಎನ್ನುತ್ತಾರೆ. ಅದರಲ್ಲಿ ಅವನು ಕುದುರೆ ಲಾಳದ ಆಕಾರದ ಒಂದು ಪಟ್ಟಿಯನ್ನು ವರ್ಣಿಸಿದ್ದಾನೆ. ಚಿನ್ನದ್ದೋ ಬೆಳ್ಳಿಯದೋ ಆದ ತೆಳು ಪಟ್ಟಿ, ಅದರಲ್ಲಿ ಸಾಲಾಗಿ ತೂತುಗಳು. ಆ ತೂತುಗಳ ಮೂಲಕ ದಾರ ಪೋಣಿಸಿ ಹಲ್ಲುಗಳನ್ನು ಪಟ್ಟಿಗೆ ಬಿಗಿದು ಕಟ್ಟಿದರೆ ಅವು ನಿಧಾನವಾಗಿ ಪಟ್ಟಿಯ ಕಡೆಗೆ ಸರಿಯುತ್ತವೆ. ಅಷ್ಟು ಕಾಯಲಾಗದವರಿಗೆ ಇನ್ನೊಂದು ದಾರಿಯೂ ಇತ್ತು: ಇಕ್ಕಳ ಹಾಕಿ ಹಲ್ಲನ್ನು ಒಂದೇ ಏಟಿಗೆ ತಿರುಚಿ ನಿಲ್ಲಿಸಿ ಪಕ್ಕದ ಹಲ್ಲುಗಳಿಗೆ ಕಟ್ಟಿಬಿಡುವುದು! ಅರಿವಳಿಕೆ ಇಲ್ಲದ ಕಾಲ ಅದು ಎಂಬುದನ್ನು ನೆನೆದರೆ ಎರಡು ವರ್ಷದ ಕ್ಲಿಪ್ಪು ಹೂವಿನಂತೆ ಕಾಣುತ್ತದೆ.

ಹಲ್ಲು ಸರಿಯುತ್ತದೆ ಎಂಬುದು ಗೊತ್ತಿತ್ತು. ಹೇಗೆ ಸರಿಯುತ್ತದೆ ಎಂಬುದು ತಿಳಿಯಲು ಇನ್ನೂ ಪೌಣೇ ಎರಡು ಶತಮಾನ ಬೇಕಾಯಿತು. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಟ್ 1904ರ ಸುಮಾರಿಗೆ ನಾಯಿಯ ಹಲ್ಲಿಗೆ ತಂತಿ ಕಟ್ಟಿ, ಬಳಿಕ ದವಡೆಯ ಎಲುಬನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ. ಹಲ್ಲಿನ ಬೇರು ಯಾವ ಕಡೆಗೆ ಒತ್ತುತ್ತದೋ ಆ ಕಡೆಯ ಎಲುಬು ಕರಗುತ್ತದೆ, ಬಿಟ್ಟುಬಂದ ಕಡೆ ಹೊಸ ಎಲುಬು ತುಂಬಿಕೊಳ್ಳುತ್ತದೆ. ಅಂದರೆ ಕ್ಲಿಪ್ಪಿನ ಕೆಲಸ ಹಲ್ಲನ್ನು ಎಳೆಯುವುದಲ್ಲ, ಎಲುಬಿಗೆ ಸೂಚನೆ ಕೊಡುವುದು. ಅಗೆದು ತುಂಬುವ ಕೆಲಸವನ್ನು ದೇಹ ತನ್ನದೇ ನಿಧಾನದಲ್ಲಿ ಮಾಡಿಕೊಳ್ಳುತ್ತದೆ. ಜೋರಾಗಿ ಎಳೆದರೆ ರಕ್ತ ಸಂಚಾರ ನಿಂತು ಕೆಲಸ ಇನ್ನೂ ತಡವಾಗುತ್ತದೆ, ಬೇರಿಗೂ ಪೆಟ್ಟು. ಈ ಮಾತನ್ನು ಅಪ್ಪನಿಗೆ ಹೇಳಿದಾಗ ಅವರು ತಲೆದೂಗಿದರು. ಚಕ್ರದ ಬೆಂಡು ತೆಗೆಯುವಾಗ ಒಂದು ಕಡ್ಡಿಯನ್ನೇ ಹಿಡಿದು ಬಿಗಿದರೆ ರಿಮ್ಮು ಇನ್ನೊಂದು ಕಡೆ ಸೊಟ್ಟಗಾಗುತ್ತದೆ, ಎಲ್ಲವನ್ನೂ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತ ಹೋಗಬೇಕು ಎಂದರು. ವಕ್ರದಂತ ಚಿಕಿತ್ಸೆಯನ್ನು ಇದಕ್ಕಿಂತ ಸರಳವಾಗಿ ಯಾರೂ ನನಗೆ ವಿವರಿಸಿಲ್ಲ.

ಆಂಗಲ್ ಸಾಹೇಬನ ಶಾಲೆ

ಈ ಚಿಕಿತ್ಸೆಗೆ ಒಂದು ಶಾಸ್ತ್ರದ ರೂಪ ಕೊಟ್ಟವನು ಅಮೆರಿಕದ ಎಡ್ವರ್ಡ್ ಆಂಗಲ್ (1855–1930). ದವಡೆ ಹಲ್ಲುಗಳು ಒಂದರ ಮೇಲೊಂದು ಕೂರುವ ರೀತಿಯನ್ನು ನೋಡಿ ವಕ್ರದಂತಗಳನ್ನು ಅವನು 1899ರಲ್ಲಿ ಮೂರು ವರ್ಗಗಳಾಗಿ ವಿಂಗಡಿಸಿದ. ಇಂದಿಗೂ ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಬಾಯೊಳಗೆ ಇಣುಕಿ ‘ಕ್ಲಾಸ್ ಟೂ’ ಎಂದು ಬರೆದುಕೊಳ್ಳುವುದು ಅದೇ ಲೆಕ್ಕದಲ್ಲಿ. 1900ರಲ್ಲಿ ಸೇಂಟ್ ಲೂಯಿಯಲ್ಲಿ ಅವನು ಈ ಒಂದೇ ವಿಷಯಕ್ಕಾಗಿ ಶಾಲೆ ತೆರೆದ. ಸಲಕರಣೆಗಳಿಗೆ ಪೇಟೆಂಟ್ ಪಡೆದ. ಒಂದಾದ ಮೇಲೊಂದು ಹೊಸ ವಿಧಾನ ಹೊರಡಿಸಿದ. ಹಟಮಾರಿ, ಜಗಳಗಂಟ, ಆದರೆ ಕೆಲಸದಲ್ಲಿ ಪರಿಣತ.

ಅವನ ಕೊನೆಯ ವಿಧಾನ 1925ರದ್ದು. ಪ್ರತಿ ಹಲ್ಲಿನ ಮೇಲೂ ಒಂದು ಪುಟ್ಟ ಲೋಹದ ತುಣುಕು, ಅದರಲ್ಲಿ ಆಯತಾಕಾರದ ಒಂದು ಸೀಳು, ಆ ಸೀಳಿನೊಳಗೆ ಕೂರುವ ಚಪ್ಪಟೆ ಅಂಚಿನ ತಂತಿ. ಆಗ ತಂತಿ ಚಿನ್ನದ ಮಿಶ್ರಲೋಹದ್ದು. ಏಕೆ ಚಿನ್ನ? ಜೊಲ್ಲಿನಲ್ಲಿ ಹಗಲಿರುಳು ನೆನೆದರೂ ತುಕ್ಕು ಹಿಡಿಯುವುದಿಲ್ಲ, ಕೈಯಲ್ಲಿ ಬಾಗಿಸಿದಂತೆ ಬಾಗುತ್ತದೆ, ಬೆಸುಗೆ ಚೆನ್ನಾಗಿ ಹಿಡಿಯುತ್ತದೆ. ಅಕ್ಕಸಾಲಿಗರಿಗೆ ಚಿನ್ನ ಏಕೆ ಪ್ರಿಯವೋ ದಂತವೈದ್ಯರಿಗೂ ಅದಕ್ಕೇ ಪ್ರಿಯ. ಆ ಸೀಳಿನ ಅಗಲವನ್ನು ಆಂಗಲ್ 0.022 ಇಂಚು ಎಂದು ನಿಗದಿ ಮಾಡಿದ್ದು ಚಿನ್ನದ ತಂತಿಯ ಗಡಸುತನವನ್ನು ಲೆಕ್ಕ ಹಾಕಿ. ಸ್ವಾರಸ್ಯವೆಂದರೆ, ಚಿನ್ನ ಹೋಗಿ ಎಷ್ಟೋ ದಶಕಗಳಾದರೂ ಆ ಅಳತೆ ಹೋಗಿಲ್ಲ. ಇಂದು ನಮ್ಮ ಮಕ್ಕಳ ಹಲ್ಲಿಗೆ ಅಂಟಿಸುವ ಉಕ್ಕಿನ ಬ್ರಾಕೆಟ್ಟುಗಳಲ್ಲೂ 0.022 ಇಂಚಿನ ಸೀಳು ಸರ್ವೇಸಾಮಾನ್ಯ.

ಆದರೆ ಆಗಲೂ ದುಡ್ಡೆಲ್ಲ ಚಿನ್ನಕ್ಕೇ ಹೋಗುತ್ತಿತ್ತು ಎಂದುಕೊಳ್ಳಬೇಡಿ. ಬಾಯಲ್ಲಿದ್ದ ಪ್ರತಿಯೊಂದು ಹಲ್ಲಿಗೂ ಅಳತೆಗೆ ಸರಿಯಾಗಿ ಒಂದೊಂದು ಲೋಹದ ಉಂಗುರ ಮಾಡಿ ಕೂರಿಸಬೇಕಿತ್ತು. ಇಪ್ಪತ್ತಕ್ಕೂ ಹೆಚ್ಚು ಹಲ್ಲು ಎಂದರೆ ಇಪ್ಪತ್ತಕ್ಕೂ ಹೆಚ್ಚು ಉಂಗುರ. ತಂತಿಯ ಒಂದೊಂದು ತಿರುವನ್ನೂ ವೈದ್ಯನೇ ಇಕ್ಕಳದಲ್ಲಿ ಬಾಗಿಸಬೇಕು. ಒಂದು ಬಾಯಿ ಸಿದ್ಧವಾಗಲು ಹಲವು ಭೇಟಿ, ಗಂಟೆಗಟ್ಟಲೆ ಕೆಲಸ. ಇಂಥ ಕೈಗಳು ಕೆಲವೇ ಇದ್ದವು. ಹೀಗಾಗಿ ನೆಟ್ಟಗಿನ ಹಲ್ಲು ಉಳ್ಳವರ ಮನೆಯ ಗುರುತಾಯಿತು.

ಯುರೋಪಿನ ಪ್ಲೇಟು, ಇಂಗ್ಲೆಂಡಿನ ಸರದಿ

ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿ ಕಥೆ ಬೇರೆಯೇ ಆಯಿತು. ಯುರೋಪಿನ ಹಲವು ದೇಶಗಳಲ್ಲಿ ಸಾಮಾಜಿಕ ಆರೋಗ್ಯ ವಿಮೆ ಬೇಗ ಬೇರು ಬಿಟ್ಟಿತ್ತು. ಕೆಲವರಿಗೆ ಪರಿಪೂರ್ಣ ಚಿಕಿತ್ಸೆ ಕೊಡುವುದಕ್ಕಿಂತ ಬಹಳ ಮಕ್ಕಳಿಗೆ ಇದ್ದುದರಲ್ಲಿ ಉತ್ತಮ ಚಿಕಿತ್ಸೆ ಕೊಡುವುದೇ ಅಲ್ಲಿಯ ಗುರಿ. ಬೆಲೆಬಾಳುವ ಲೋಹವೂ ಅಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ನಾಜಿ ಜರ್ಮನಿಯಲ್ಲಂತೂ ಹಲ್ಲಿನ ಕೆಲಸಕ್ಕೆ ಚಿನ್ನ ಬಳಸುವುದನ್ನೇ ನಿಷೇಧಿಸಿದರು. ಹೀಗೆ ಬೆಳೆದದ್ದು ತೆಗೆದು ಹಾಕಬಹುದಾದ ‘ಪ್ಲೇಟು’. ಅಂಗುಳಕ್ಕೆ ಹೊಂದುವ ಒಂದು ತಟ್ಟೆ, ಅದರಿಂದ ಹೊರಟ ನಾಲ್ಕಾರು ತಂತಿ. ಪ್ರಯೋಗಾಲಯದ ಕೆಲಸಗಾರ ಅದನ್ನು ತಯಾರಿಸಬಲ್ಲ, ಸಾಮಾನ್ಯ ದಂತವೈದ್ಯ ಅದನ್ನು ಹಾಕಬಲ್ಲ. ಅಗ್ಗದ ಉಪಾಯವೇ ಸರಿ. ಆದರೆ ಪ್ಲೇಟು ಹಲ್ಲನ್ನು ಓರೆ ಮಾಡಿ ತಳ್ಳಬಲ್ಲುದೇ ಹೊರತು ಬೇರುಸಹಿತ ಜರುಗಿಸಲಾರದು. ಮಗು ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದರೆ ಅಷ್ಟೂ ಇಲ್ಲ.

ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಮಕ್ಕಳ ಸೊಟ್ಟ ಹಲ್ಲಿನ ಚಿಕಿತ್ಸೆಯೂ ಅದರಡಿ ಬಂತು. ಉಚಿತವೆಂದ ಮೇಲೆ ಸಾಲು ಬೆಳೆಯದೆ ಇರುತ್ತದೆಯೇ? ಯಾರದು ನಿಜವಾದ ಅಗತ್ಯ, ಯಾರದು ಬರೀ ಅಂದದ ಆಸೆ ಎಂದು ತೀರ್ಮಾನಿಸುವುದು ಹೇಗೆ? ಬ್ರೂಕ್ ಮತ್ತು ಶಾ ಎಂಬ ಇಬ್ಬರು ತಜ್ಞರು 1989ರಲ್ಲಿ ಇದಕ್ಕೊಂದು ಅಳತೆಗೋಲು ಮಾಡಿಕೊಟ್ಟರು. ಹಲ್ಲಿನ ಆರೋಗ್ಯದ ದೃಷ್ಟಿಯಿಂದ ಒಂದರಿಂದ ಐದರವರೆಗೆ ದರ್ಜೆ. ಜತೆಗೆ ಕಾಣುವ ಅಂದಕ್ಕಾಗಿ ಹತ್ತು ಛಾಯಾಚಿತ್ರಗಳ ಒಂದು ಸಾಲು. ಮಗುವಿನ ಹಲ್ಲು ಯಾವ ಚಿತ್ರಕ್ಕೆ ಹತ್ತಿರವೋ ಅಷ್ಟು ಅಂಕ. 2006ರಿಂದ ಇಂಗ್ಲೆಂಡಿನಲ್ಲಿ ನಾಲ್ಕು, ಐದನೇ ದರ್ಜೆಯವರಿಗೆ ಸರ್ಕಾರಿ ಚಿಕಿತ್ಸೆಗೆ ಅರ್ಹತೆ. ಮೂರನೇ ದರ್ಜೆಯವರಿಗೆ ಛಾಯಾಚಿತ್ರದ ಅಂಕ ಆರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ.

ಕುರೂಪಕ್ಕೆ ಅಂಕ ಕೊಡುವುದು ಕ್ರೂರವೆಂದು ಮೊದಲು ಓದಿದಾಗ ನನಗನ್ನಿಸಿತು. ಆಮೇಲೆ ತಂಗಿಯ ಅಂಗೈ ನೆನಪಾಯಿತು. ಮಗು ನಗಲು ಹಿಂಜರಿಯುವುದೂ ಒಂದು ಬಾಧೆ ಎಂದು ಸರ್ಕಾರಿ ಕಡತವೊಂದು ಒಪ್ಪಿಕೊಂಡದ್ದು ಸಣ್ಣ ವಿಷಯವಲ್ಲ. ನಮ್ಮಲ್ಲಿ ಇದನ್ನು ಇನ್ನೂ ಶೋಕಿಯ ಬಾಬತ್ತಿಗೇ ಸೇರಿಸುವವರು ಹೆಚ್ಚು. ಚಾಚಿದ ಹಲ್ಲು ಬಿದ್ದಾಗ ಬೇಗ ಮುರಿಯುತ್ತದೆ, ಒಂದರ ಮೇಲೊಂದು ಹತ್ತಿದ ಹಲ್ಲನ್ನು ಶುಚಿ ಮಾಡುವುದು ಕಷ್ಟ ಎಂಬುದೆಲ್ಲ ಆ ವಾದದಲ್ಲಿ ಮರೆತೇಹೋಗುತ್ತದೆ. ಕರ್ನಾಟಕ ಸರ್ಕಾರ ‘ದಂತಭಾಗ್ಯ’ ಎಂಬ ಯೋಜನೆ ತಂದಾಗ ಅದು ಕೊಟ್ಟದ್ದು ಹಲ್ಲು ಕಳೆದುಕೊಂಡ ಬಡ ವೃದ್ಧರಿಗೆ ಹಲ್ಲಿನ ಸೆಟ್ಟು. ಒಳ್ಳೆಯದೇ. ಹಲ್ಲಿದ್ದೂ ನಗಲಾಗದ ಮಕ್ಕಳದು ಬೇರೆ ಪಾಡು.

ಅಡಿಲೇಡಿನ ತಂತಿ

ಚಿನ್ನದ ಕಥೆಗೆ ವಾಪಸು ಬರೋಣ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಬಂದೂಕಿನ ನಳಿಗೆ ಸವೆಯದಂತೆ ಮಾಡುವ ಲೋಹ ಹುಡುಕುತ್ತಿದ್ದಾಗ ಅವನ ಕೈಗೆ ತುಕ್ಕು ಹಿಡಿಯದ ಉಕ್ಕು ಸಿಕ್ಕಿತು. ಬಂದೂಕಿನಿಂದ ಅದು ಊಟದ ಚಾಕುವಿಗೆ ಬಂತು, 1930ರ ದಶಕದ ಹೊತ್ತಿಗೆ ಹಲ್ಲಿನ ತಂತಿಯಾಗಿಯೂ ಬಾಯಿ ಸೇರತೊಡಗಿತು. ಅದೇ ಸಮಯಕ್ಕೆ, 1934ರಲ್ಲಿ, ಅಮೆರಿಕ ಸರ್ಕಾರ ಚಿನ್ನದ ದರವನ್ನು ಔನ್ಸಿಗೆ 20.67 ಡಾಲರಿನಿಂದ 35 ಡಾಲರಿಗೆ ಏರಿಸಿತು. ಆದರೂ ಹಳೆಯ ಕೈಗಳು ಚಿನ್ನವನ್ನು ಸುಲಭಕ್ಕೆ ಬಿಡಲಿಲ್ಲ. ಉಕ್ಕಿಗೆ ಬೆಸುಗೆ ಹಾಕುವುದು ಕಷ್ಟ, ಬಾಗಿಸುವುದು ಕಷ್ಟ ಎಂಬ ತಕರಾರು. 1960ರ ಹೊತ್ತಿಗಷ್ಟೇ ಚಿನ್ನ ಪೂರ್ತಿ ಹಿಂದೆ ಸರಿಯಿತು.

ಉಕ್ಕಿನಿಂದ ಅತಿ ಹೆಚ್ಚು ಕೆಲಸ ತೆಗೆದವನು ಆಸ್ಟ್ರೇಲಿಯಾದ ರೇಮಂಡ್ ಬೆಗ್ (1898–1983). ಆಂಗಲ್‌ನ ಶಿಷ್ಯ. ಅಮೆರಿಕಕ್ಕೆ ಹೋಗಿ ಅವನಲ್ಲಿ ಕಲಿತು ಅಡಿಲೇಡಿಗೆ ಮರಳಿದವನು ಕೆಲವೇ ವರ್ಷಗಳಲ್ಲಿ ಗುರುವಿಗೆ ತಿರುಗಿಬಿದ್ದ. ಆಂಗಲ್‌ಗೆ ಮೂವತ್ತೆರಡು ಹಲ್ಲೂ ದೈವದತ್ತ, ಒಂದನ್ನೂ ಕೀಳಬಾರದು. ಬೆಗ್ ಆಸ್ಟ್ರೇಲಿಯಾದ ಆದಿವಾಸಿಗಳ ತಲೆಬುರುಡೆಗಳನ್ನು ನೋಡಿದ. ಮರಳು ಮಿಶ್ರಿತ ಗಟ್ಟಿ ಆಹಾರ ಅಗಿದು ಅವರ ಹಲ್ಲುಗಳು ಪಕ್ಕಪಕ್ಕದಲ್ಲೂ ಸವೆದು, ಸಾಲಿನಲ್ಲಿ ತಾನಾಗಿ ಜಾಗವಾಗುತ್ತಿತ್ತು. ಮೆತ್ತನೆಯ ಊಟ ಮಾಡುವ ನಮಗೆ ಆ ಸವೆತವಿಲ್ಲ, ಆದ್ದರಿಂದ ಜಾಗ ಸಾಲದಿದ್ದಾಗ ನಾಲ್ಕು ಹಲ್ಲು ಕಿತ್ತರೆ ತಪ್ಪಿಲ್ಲ ಎಂಬುದು ಅವನ ವಾದ. ಈ ವಾದಕ್ಕೆ ಒಪ್ಪಿದವರೂ ಒಪ್ಪದವರೂ ಇದ್ದಾರೆ. ತಂಗಿಗೂ ನಾಲ್ಕು ಮುಂದವಡೆ ಹಲ್ಲು ಕೀಳಿಸಬೇಕು ಎಂದಾಗ ನಮ್ಮಜ್ಜಿ, ‘ಕಲ್ಲಿನಂಥ ಹಲ್ಲು ಕೀಳಿಸ್ತಾರಂತೆ, ಬುದ್ಧಿ ನೆಟ್ಟಗಿದೆಯೇನ್ರೋ?’ ಎಂದು ಕೂಗಾಡಿದ್ದು ನೆನಪಿದೆ. ಅಜ್ಜಿ ಆಂಗಲ್‌ನ ಪಕ್ಷ.

ಬೆಗ್‌ಗೆ ಸಣಕಲಾದರೂ ಚಿಮ್ಮುವ ಶಕ್ತಿಯುಳ್ಳ ದುಂಡು ತಂತಿ ಬೇಕಿತ್ತು. ಆರ್ಥರ್ ವಿಲ್‌ಕಾಕ್ ಎಂಬ ಲೋಹತಜ್ಞ 1940ರ ದಶಕದಲ್ಲಿ ಅವನ ಜತೆಗೂಡಿ ಅಂಥ ಉಕ್ಕಿನ ತಂತಿಯನ್ನು ಎಳೆದುಕೊಟ್ಟ. 0.016 ಇಂಚು ದಪ್ಪದ ಆ ‘ಆಸ್ಟ್ರೇಲಿಯನ್ ತಂತಿ’ ಹಗುರವಾಗಿ, ಬಹುಕಾಲ ಒಂದೇ ಸಮ ಎಳೆಯುತ್ತಿತ್ತು. 1956ರಲ್ಲಿ ಬೆಗ್ ತನ್ನ ವಿಧಾನವನ್ನು ಪ್ರಕಟಿಸಿದ. ತಂತಿ ತಾನೇ ಕೆಲಸ ಮುಂದುವರಿಸುವುದರಿಂದ ವೈದ್ಯ ಮೇಲಿಂದ ಮೇಲೆ ಕೈಹಾಕಬೇಕಿಲ್ಲ. ಬ್ರಾಕೆಟ್ಟೂ ಸರಳ. 1970–80ರ ದಶಕಗಳಲ್ಲಿ ಭಾರತದ ಅನೇಕ ದಂತ ಕಾಲೇಜುಗಳು ಬೆಗ್ ವಿಧಾನವನ್ನೇ ಕಲಿಸಿದವು. ಆ ಕಾಲದಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ಕ್ಲಿಪ್ ಹಾಕಿಸಿಕೊಂಡು ಈಗ ಐವತ್ತು ದಾಟಿರುವವರ ಪೈಕಿ ಎಷ್ಟೋ ಮಂದಿಯ ಹಲ್ಲು ಅಡಿಲೇಡಿನ ಲೆಕ್ಕಾಚಾರದಲ್ಲಿ ನೆಟ್ಟಗಾದದ್ದು.

ಅಂಟು ಮತ್ತು ನೆನಪಿನ ಲೋಹ

ಉಂಗುರದ ತಾಪತ್ರಯ ಹಾಗೇ ಉಳಿದಿತ್ತು. ಅದನ್ನು ತಪ್ಪಿಸಿದ ಸಂಶೋಧನೆ ನಡೆದದ್ದು ಬಡ ಮಕ್ಕಳ ಆಸ್ಪತ್ರೆಯೊಂದರಲ್ಲಿ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಕೊಡಕ್ ಕ್ಯಾಮೆರಾದ ಜಾರ್ಜ್ ಈಸ್ಟ್‌ಮನ್ ತನ್ನೂರು ರಾಚೆಸ್ಟರಿನಲ್ಲಿ ಬಡ ಮಕ್ಕಳಿಗಾಗಿ ಕಟ್ಟಿಸಿದ ದಂತ ಚಿಕಿತ್ಸಾಲಯ 1917ರಲ್ಲಿ ಬಾಗಿಲು ತೆರೆಯಿತು. ಆಮೇಲೆ ಲಂಡನ್, ರೋಮ್, ಪ್ಯಾರಿಸ್ ಮೊದಲಾದ ನಗರಗಳಿಗೂ ಅವನು ಅಂಥದ್ದನ್ನೇ ಕೊಟ್ಟ. ಲೋಕವೆಲ್ಲ ಫೋಟೋಕ್ಕೆ ನಗುವಂತೆ ಮಾಡಿದ ಮನುಷ್ಯನಿಗೆ ಈ ದಾನ ತಕ್ಕದ್ದೇ.

ಆ ರಾಚೆಸ್ಟರ್ ಸಂಸ್ಥೆಯಲ್ಲಿದ್ದ ಮೈಕೆಲ್ ಬ್ಯೂನೊಕೋರ್, ಲೋಹಕ್ಕೆ ಬಣ್ಣ ಚೆನ್ನಾಗಿ ಹತ್ತಲಿ ಎಂದು ಕಾರ್ಖಾನೆಗಳಲ್ಲಿ ಮೊದಲು ಆಮ್ಲ ಹಚ್ಚುತ್ತಿದ್ದುದನ್ನು ಗಮನಿಸಿದ. ಹಲ್ಲಿನ ಎನಾಮೆಲಿಗೂ ಹಾಗೇ ಮಾಡಿದರೆ? ಫಾಸ್ಫಾರಿಕ್ ಆಮ್ಲ ಸವರಿ ತೊಳೆದರೆ ಎನಾಮೆಲಿನ ಮೇಲ್ಮೈ ಕಣ್ಣಿಗೆ ಕಾಣದಷ್ಟು ತರಿತರಿಯಾಗಿ ಅಂಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ಎಂದು 1955ರಲ್ಲಿ ಅವನು ತೋರಿಸಿಕೊಟ್ಟ. ಹತ್ತು ವರ್ಷದ ನಂತರ, 1965ರಲ್ಲಿ, ಜಾರ್ಜ್ ನ್ಯೂಮನ್ ಬ್ರಾಕೆಟ್ಟನ್ನು ನೇರವಾಗಿ ಹಲ್ಲಿಗೇ ಅಂಟಿಸುವ ಕ್ರಮವನ್ನು ಪ್ರಕಟಿಸಿದ. 1970ರ ದಶಕದಲ್ಲಿ ಇದು ಹಬ್ಬಿತು. ಉಂಗುರಗಳು ಹಿಂದಿನ ದವಡೆ ಹಲ್ಲಿಗೆ ಮಾತ್ರ ಉಳಿದವು. ದಿನಗಟ್ಟಲೆಯ ಕೆಲಸ ಒಂದೆರಡು ಗಂಟೆಗೆ ಇಳಿಯಿತು.

ಅದೇ ಕಾಲಕ್ಕೆ ಇನ್ನೆರಡು ಬದಲಾವಣೆ. ಅಮೆರಿಕದ ನೌಕಾ ಶಸ್ತ್ರಾಸ್ತ್ರ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ 1960ರ ಆಸುಪಾಸಿನಲ್ಲಿ ನಿಕ್ಕಲ್ ಮತ್ತು ಟೈಟೇನಿಯಂ ಬೆರೆಸಿ ವಿಚಿತ್ರವಾದ ಲೋಹವೊಂದನ್ನು ಮಾಡಿದ. ಮಡಿಚಿ ಮುದುರಿದರೂ ಬಿಸಿ ತಾಗಿದೊಡನೆ ಅದು ಮೊದಲಿನ ಆಕಾರಕ್ಕೆ ಬರುತ್ತದೆ. ಲೋಹಗಳ ಹೆಸರನ್ನೂ ಪ್ರಯೋಗಾಲಯದ ಹೆಸರನ್ನೂ ಕೂಡಿಸಿ ಅದಕ್ಕೆ ‘ನಿಟಿನಾಲ್’ ಎಂದು ನಾಮಕರಣವಾಯಿತು. ಅಯೋವಾ ವಿಶ್ವವಿದ್ಯಾಲಯದ ಜಾರ್ಜ್ ಆಂಡ್ರಿಯಾಸೆನ್ 1971ರಲ್ಲಿ ಇದನ್ನು ಹಲ್ಲಿಗೆ ತಂದ. ಅತ್ತ ಲಾರೆನ್ಸ್ ಆಂಡ್ರೂಸ್ 1970ರ ದಶಕದ ಆರಂಭದಲ್ಲಿ, ವೈದ್ಯ ತಂತಿಯಲ್ಲಿ ಮಾಡಬೇಕಿದ್ದ ತಿರುವುಗಳನ್ನೆಲ್ಲ ಬ್ರಾಕೆಟ್ಟಿನೊಳಗೇ ಅಡಗಿಸಿಬಿಟ್ಟ. ಈಗ ಕಾರ್ಖಾನೆಯಿಂದ ಬಂದ ಬ್ರಾಕೆಟ್ಟು, ಕಾರ್ಖಾನೆಯಿಂದ ಬಂದ ತಂತಿ. ಅಕ್ಕಸಾಲಿಗನ ಕೈಚಳಕದ ಬಹುಭಾಗ ಯಂತ್ರಕ್ಕೆ ಹೋಯಿತು.

ಲೋಹ ಅಗ್ಗವಾಯಿತು, ಕೂರಿಸುವುದು ಬೇಗವಾಯಿತು, ಬಾಗಿಸುವುದು ತಪ್ಪಿತು. ಅಪ್ಪನ ಪ್ರಶ್ನೆಗೆ ಉತ್ತರ ಇಲ್ಲಿದೆ: ಬೆಲೆಯಲ್ಲಿ ಈಗ ಉಳಿದಿರುವ ದೊಡ್ಡ ಪಾಲು ಎರಡು ವರ್ಷ ತಿಂಗಳಿಗೊಮ್ಮೆ ನೋಡುವ ಕಣ್ಣಿನದು. ಎಲುಬು ಕರಗಿ ತುಂಬುವ ವೇಗ ಸ್ಯಾಂಡ್‌ಸ್ಟೆಟ್ ಕಾಲದಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ. ಅಷ್ಟು ಕಾಲವೂ ಯಾರಾದರೂ ಕಾವಲಿರಬೇಕು.

ಆ ಕಣ್ಣನ್ನೇ ತೆಗೆದುಹಾಕಿ ಬೆಲೆ ಇಳಿಸುವ ಪ್ರಯತ್ನವೂ ನಡೆಯಿತು. ಅಮೆರಿಕದಲ್ಲಿ 2014ರಲ್ಲಿ ಹುಟ್ಟಿದ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ಕಂಪನಿ ಪಾರದರ್ಶಕ ಅಚ್ಚುಗಳನ್ನು ಗಿರಾಕಿಯ ಮನೆಗೇ ಅಂಚೆಯಲ್ಲಿ ಕಳಿಸುತ್ತಿತ್ತು. ಬೆಲೆ ಕಡಿಮೆ, ವೈದ್ಯರ ಮುಖಾಮುಖಿ ಇಲ್ಲ. 2023ರ ಡಿಸೆಂಬರಿನಲ್ಲಿ ಕಂಪನಿ ಮುಚ್ಚಿತು. ಚಿಕಿತ್ಸೆಯ ನಡುವಿನಲ್ಲಿದ್ದ ಗಿರಾಕಿಗಳು ಅರ್ಧ ಸರಿದ ಹಲ್ಲಿನೊಂದಿಗೆ ಉಳಿದರು. ಥಾಯ್ಲೆಂಡಿನಲ್ಲಿ ಇನ್ನೊಂದು ವಿಪರೀತ. ಕ್ಲಿಪ್ಪು ಸಿರಿವಂತಿಕೆಯ ಗುರುತಾಗಿ, ಹಲ್ಲು ನೆಟ್ಟಗಿದ್ದ ಹುಡುಗಿಯರೂ ಬಜಾರಿನಲ್ಲಿ ಬಣ್ಣಬಣ್ಣದ ನಕಲಿ ಕ್ಲಿಪ್ಪು ಹಾಕಿಸಿಕೊಳ್ಳತೊಡಗಿದರು. ಸರ್ಕಾರ ಅದರ ಮಾರಾಟವನ್ನೇ ನಿಷೇಧಿಸಬೇಕಾಯಿತು.

ಕಲಿಯುವ ಕೈಗಳು

ಕಣ್ಣನ್ನು ತೆಗೆಯದೆ ಬೆಲೆ ಇಳಿಸುವ ದಾರಿ ಒಂದುಂಟು. ಕಲಿಯುತ್ತಿರುವವರ ಕೈಗೆ, ಕಲಿಸುವವರ ಕಣ್ಣಿನಡಿಯಲ್ಲಿ ಬಾಯಿ ಒಡ್ಡುವುದು. ಭಾರತದಲ್ಲಿ ಈ ದಾರಿಯ ಮೊದಲ ಗುದ್ದಲಿ ಬಿದ್ದದ್ದು 1920ರ ಕಲ್ಕತ್ತದಲ್ಲಿ. ಡಾ. ರಫೀಉದ್ದೀನ್ ಅಹಮದ್ ಅದೇ ಅಯೋವಾದಲ್ಲಿ 1915ರಲ್ಲಿ ದಂತವೈದ್ಯ ಪದವಿ ಪಡೆದು, ಬೋಸ್ಟನ್ನಿನ ಫೋರ್ಸಿತ್ ಮಕ್ಕಳ ದಂತಾಸ್ಪತ್ರೆಯಲ್ಲಿ ದುಡಿದು, ತಾಯ್ನಾಡಿಗೆ ಮರಳಿ ದೇಶದ ಮೊದಲ ದಂತ ಕಾಲೇಜನ್ನು ತೆರೆದರು. ಅದಕ್ಕೆ ಹಣ ಎಲ್ಲಿಂದ? ‘ನ್ಯೂಯಾರ್ಕ್ ಸೋಡಾ ಫೌಂಟನ್’ ಎಂಬ ಅಂಗಡಿ ನಡೆಸಿ! ಹಲ್ಲು ಕೆಡಿಸುವ ವ್ಯಾಪಾರದ ಲಾಭದಲ್ಲಿ ಹಲ್ಲು ಉಳಿಸುವ ವಿದ್ಯೆ.

ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಆರಂಭವಾದದ್ದು 1958ರಲ್ಲಿ, ಮಣಿಪಾಲದ್ದು 1965ರಲ್ಲಿ. ವಕ್ರದಂತ ತಜ್ಞರ ಅಖಿಲ ಭಾರತ ಸಂಘ ಹುಟ್ಟಿದ್ದೂ 1965ರಲ್ಲೇ. ಆಮೇಲೆ ದಾವಣಗೆರೆ, ಧಾರವಾಡ, ಮಂಗಳೂರು ಎಂದು ಬೆಳೆಯುತ್ತ ಹೋಗಿ ಇಂದು ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ಇಷ್ಟೊಂದು ಕಾಲೇಜು ಬೇಕಿತ್ತೇ ಎಂದು ಕೇಳುವವರಿದ್ದಾರೆ. ಆ ಚರ್ಚೆ ಇನ್ನೊಂದು ದಿನಕ್ಕಿರಲಿ. ಸಾಮಾನ್ಯ ಮನೆಯವರಿಗೆ ಮುಖ್ಯವಾದ ಸಂಗತಿ ಬೇರೆ: ಸ್ನಾತಕೋತ್ತರ ವಿದ್ಯಾರ್ಥಿಗೆ ಪದವಿ ಸಿಗಬೇಕಾದರೆ ರೋಗಿಗಳು ಬೇಕೇಬೇಕು.

ನಾವು ಕೊನೆಗೆ ಹಿಡಿದದ್ದು ಅದೇ ದಾರಿ. ಬೆಂಗಳೂರಿನ ಒಂದು ಕಾಲೇಜು. ಬೆಳಿಗ್ಗೆ ಚೀಟಿ ಮಾಡಿಸಿ, ಕ್ಷಕಿರಣ ತೆಗೆಸಿ, ಗುಲಾಬಿ ಬಣ್ಣದ ಹಿಟ್ಟು ಕಚ್ಚಿಸಿ ಹಲ್ಲಿನ ಅಚ್ಚು ಎತ್ತಿಸಿ ಬರುವಷ್ಟರಲ್ಲಿ ಸಂಜೆ. ತಂಗಿಯನ್ನು ವಹಿಸಿಕೊಂಡವರು ಬೀದರ್ ಕಡೆಯ ಯುವ ವೈದ್ಯೆ. ಖಾಸಗಿಯಲ್ಲಿ ಹೇಳಿದ್ದರ ಮೂರನೇ ಒಂದು ಪಾಲೂ ಖರ್ಚಾಗಲಿಲ್ಲ. ಅದನ್ನೂ ಕಂತಿನಲ್ಲಿ ಕಟ್ಟಿದೆವು. ನನ್ನ ಸಂಬಳದ ಮೊದಲ ದೊಡ್ಡ ಖರ್ಚು ಅದು.

ಆದರೆ ಅಗ್ಗಕ್ಕೆ ಅದರದೇ ಬೆಲೆಯಿದೆ. ಚನ್ನಪಟ್ಟಣದಿಂದ ಬೆಂಗಳೂರಿಗೆ ಅರವತ್ತು ಕಿಲೋಮೀಟರು. ಚಿಕಿತ್ಸೆ ಇದ್ದದ್ದು ವಾರದ ಕೆಲಸದ ದಿನಗಳಲ್ಲಿ ಮಾತ್ರ. ಪ್ರತಿ ಸಲವೂ ತಂಗಿಗೆ ಶಾಲೆ ತಪ್ಪುತ್ತಿತ್ತು, ಅಪ್ಪನ ಅಂಗಡಿ ಬಾಗಿಲು ಮುಚ್ಚುತ್ತಿತ್ತು, ಇಲ್ಲವೇ ನನ್ನ ವಾರದ ರಜೆ ಹೋಗುತ್ತಿತ್ತು. ಗೌರಿ ಹಬ್ಬದಲ್ಲಿ ಕೋಡುಬಳ��ೆ ಆಸೆಪಟ್ಟು ಒಂದು ಬ್ರಾಕೆಟ್ಟು ಕಿತ್ತುಬಂತು. ಒಂದು ಬ್ರಾಕೆಟ್ಟಿಗೆ ಒಂದು ದಿನ! ಇನ್ನೊಮ್ಮೆ ಪರೀಕ್ಷೆ ಎಂದು ವೈದ್ಯೆ ಸಿಗದೆ ಹೋದ ದಾರಿಗೆ ಸುಂಕವಿಲ್ಲದೆ ಮರಳಿದೆವು. ಇಪ್ಪತ್ತಾರು ತಿಂಗಳಲ್ಲಿ ಮೂವತ್ತೊಂದು ಸಲ ರೈಲು ಹತ್ತಿದ್ದೇವೆ. ಅಪ್ಪ ಅಂಗಡಿಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಟ್ಟಿದ್ದಾರೆ. ದಿನಗೂಲಿಯವರ ಮನೆಗೆ ಈ ಮೂವತ್ತೊಂದು ದಿನಗಳ ಲೆಕ್ಕ ಎಷ್ಟಾದೀತು?

ಇದರ ನಡುವೆ ನಾವು ಕಲಿತ ಒಂದು ಗುಟ್ಟನ್ನು ಇಲ್ಲಿ ಹೇಳಿಬಿಡುತ್ತೇನೆ. ಸ್ನಾತಕೋತ್ತರ ಶಿಕ್ಷಣ ಮೂರು ವರ್ಷ, ಚಿಕಿತ್ಸೆ ಸುಮಾರು ಎರಡು ವರ್ಷ. ಹೊಸ ತಂಡ ಸೇರಿ ಕೆಲಸ ಕಲಿತ ಹೊಸತರಲ್ಲಿ ಹೋದರೆ ಅವರಿಗೂ ರೋಗಿಗಳ ಹುಡುಕಾಟ ಇರುತ್ತದೆ, ಆರಂಭಿಸಿದವರೇ ಮುಗಿಸಿಕೊಡುವ ಸಂಭವವೂ ಹೆಚ್ಚು. ನಾವು ಹೋದದ್ದು ಆ ವೈದ್ಯೆಯ ಎರಡನೇ ವರ್ಷದಲ್ಲಿ. ಪದವಿ ಮುಗಿಸಿ ಹೊರಡುವಾಗ ಅವರು ತಂಗಿಯ ಕಡತವನ್ನು ಕಿರಿಯರೊಬ್ಬರಿಗೆ ಒಪ್ಪಿಸಿದರು. ಹೊಸಬರು ಮೊದಲಿನಿಂದ ಎಲ್ಲವನ್ನೂ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಎರಡು ತಿಂಗಳು ಕಳೆಯಿತು. ಚಿಕಿತ್ಸೆಗೆ ಸೇರಿಸುವ ಮುನ್ನ ‘ನೀವು ಎಷ್ಟನೇ ವರ್ಷ?’ ಎಂದು ಕೇಳುವುದು ಅಗೌರವವೇನಲ್ಲ.

ಕ್ಲಿಪ್ಪು ಬಿಚ್ಚಿ ಈಗ ಐದು ತಿಂಗಳಾಗಿದೆ. ಸರಿದ ಹಲ್ಲು ಹಳೆಯ ಜಾಗಕ್ಕೆ ಓಡದಂತೆ ರಾತ್ರಿ ಹೊತ್ತು ಒಂದು ಪ್ಲೇಟು ಹಾಕಿಕೊಂಡು ಮಲಗಬೇಕು. ಅದನ್ನು ತೊಳೆದಿಡುವ ಡಬ್ಬಿಯನ್ನು ಅಜ್ಜಿ ಎರಡು ಸಲ ಅಡಕೆ ಡಬ್ಬಿಯೆಂದು ತೆರೆದಿದ್ದಾರೆ. ಮೊದಲ ದಿನ ಎತ್ತಿದ ಅಚ್ಚಿನಿಂದ ಮಾಡಿದ ಪ್ಲಾಸ್ಟರಿನ ಹಲ್ಲುಸಾಲಿನ ಹೆಚ್ಚುವರಿ ಪ್ರತಿಯೊಂದನ್ನು ತಂಗಿ ಕಾಲೇಜಿನಿಂದ ಕೇಳಿ ತಂದಿದ್ದಾಳೆ. ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ, ನಮ್ಮೂರಿನ ಅರಗಿನ ಬಣ್ಣದ ಗೊಂಬೆಗಳ ನಡುವೆ, ಆ ಸೊಟ್ಟ ಹಲ್ಲುಗಳು ಕೂತಿವೆ. ಬಂದವರಿಗೆಲ್ಲ ಅವಳೇ ತೆಗೆದು ತೋರಿಸುತ್ತಾಳೆ.